ಅಮೆರಿಕದ ಆದಿಕಾಲದ ಗ್ರಾಮೀಣ ಬ್ಯಾಪ್ಟಿಸ್ಟ್ ಸಭೆಗಳು ಮತ್ತು ಸಭಾಪಾಲಕರು: ಚರಿತ್ರೆಯ ಸಂಶೋಧನೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿಯೂ ಅಪಲೇಚಿಯನ್ ಪರ್ವತಶ್ರೇಣಿಯ ಆಚೆಯ ಗಡಿನಾಡಿನಲ್ಲಿಯೂ ಹದಿನೆಂಟನೆಯ ಶತಮಾನದ ಮಧ್ಯಭಾಗದಿಂದ ಸುಮಾರು ನೂರು ವರ್ಷಗಳ ಕಾಲ ಹೊಳೆಯ ದಡಗಳಲ್ಲಿ, ಕಾಡು ಕಡಿದು ಮಾಡಿದ ಹೊಲಗಳ ನಡುವೆ, ಮರದ ದಿಮ್ಮಿಗಳಿಂದ ಕಟ್ಟಿದ ಮಂದಿರಗಳಲ್ಲಿ ಕೂಡುತ್ತಿದ್ದ ಬ್ಯಾಪ್ಟಿಸ್ಟ್ ಸಭೆಗಳ ಮತ್ತು ಅವುಗಳ ಪಾಲಕರ ಚರಿತ್ರೆಯನ್ನು ಮೂಲಾಧಾರಗಳಿಂದ ಶೋಧಿಸಿ ನಿರೂಪಿಸುವ ಅಧ್ಯಯನ. ಇದು ಕ್ರೈಸ್ತಮತ ಚರಿತ್ರೆಯ ಒಂದು ಶಾಖೆಯಾದರೂ ಇದರ ಸಾಮಗ್ರಿಯೂ ವಿಧಾನವೂ ಇತರ ಶಾಖೆಗಳಿಗಿಂತ ಬಹುಮಟ್ಟಿಗೆ ಭಿನ್ನವಾದುವು. ರೋಮನ್ ಕ್ಯಾಥೊಲಿಕ್ ಅಥವಾ ಆಂಗ್ಲಿಕನ್ ಪಂಥದ ಸಭೆಯೊಂದರ ಹಿಂದಿನ ವೃತ್ತಾಂತವನ್ನು ಅರಸುವವರಿಗೆ ಬಿಷಪ್ಪರ ಕಚೇರಿಯೆಂಬ ಒಂದು ಕೇಂದ್ರವುಂಟು. ಪಾಲಕರ ನೇಮಕ, ವರ್ಗಾವಣೆ, ಶಿಕ್ಷೆ ಎಲ್ಲವೂ ಅಲ್ಲಿ ಬರೆದಿರುತ್ತವೆ. ಬ್ಯಾಪ್ಟಿಸ್ಟರಲ್ಲಿ ಅಂಥ ಮೇಲಧಿಕಾರವೇ ಇಲ್ಲ. ನಂಬಿಕೆಯನ್ನು ಸ್ವತಃ ಅರಿತು ಒಪ್ಪಿಕೊಂಡವರಿಗೆ ಮಾತ್ರ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡತಕ್ಕದ್ದೆಂಬುದು ಹೇಗೆ ಅವರ ಮೂಲತತ್ತ್ವವೋ, ಹಾಗೆ ದೀಕ್ಷೆ ಪಡೆದವರು ಪರಸ್ಪರ ಒಡಂಬಟ್ಟು ಕೂಡಿದ ಸ್ಥಳೀಯ ಸಭೆಯು ತನ್ನಷ್ಟಕ್ಕೆ ತಾನೇ ಪೂರ್ಣವೂ ಸ್ವತಂತ್ರವೂ ಆದುದೆಂಬುದೂ ಅಷ್ಟೇ ದೃಢವಾದ ಮೂಲತತ್ತ್ವವಾಗಿದೆ. ಪಾಲಕನನ್ನು ಆರಿಸುವವರೂ ಬಿಡುವವರೂ ಸಭೆಯ ಸದಸ್ಯರೇ ಆದುದರಿಂದ ಅವನ ಚರಿತ್ರೆಯೂ ಆ ಸದಸ್ಯರ ಕೈಬರಹದಲ್ಲಿಯೇ ಉಳಿದುಬಂದಿದೆ, ಇಲ್ಲವೇ ಅವರೊಡನೆಯೇ ಅಳಿದುಹೋಗಿದೆ. ಶಿಶುಸ್ನಾನವನ್ನು ಅಂಗೀಕರಿಸದ ಈ ಪಂಥದಲ್ಲಿ ಜನನದ ದಾಖಲೆಗೆ ಸಮಾನವಾದ ಸ್ನಾನದ ರಿಜಿಸ್ಟರೂ ಇರುವುದಿಲ್ಲವೆಂಬುದನ್ನು ವಂಶಚರಿತ್ರೆಯ ಅಭ್ಯಾಸಿಗಳು ಆರಂಭದಲ್ಲಿಯೇ ಅರಿತಿರಬೇಕು.

ಪಂಥದ ಮೂಲವು ಇಂಗ್ಲೆಂಡಿನದು. ಅಲ್ಲಿಂದ ಆಮ್‌ಸ್ಟರ್‌ಡಾಮಿಗೆ ಹೋಗಿ ನೆಲೆಸಿದ್ದ ಜಾನ್ ಸ್ಮಿತ್ 1609ರಲ್ಲಿ ಮೊದಲ ಸಭೆಯನ್ನು ಕೂಡಿಸಿದನು. ಅವನ ಸಂಗಡಿಗ ಥಾಮಸ್ ಹೆಲ್ವಿಸ್ ಸ್ವದೇಶಕ್ಕೆ ಮರಳಿ ಲಂಡನ್ನಿನ ಬಳಿ ಇನ್ನೊಂದನ್ನು ನೆಲೆಗೊಳಿಸಿದನು. ಅಮೆರಿಕದಲ್ಲಿ ರಾಜರ್ ವಿಲಿಯಮ್ಸನ ಪ್ರಾವಿಡೆನ್ಸ್ ಸಭೆಯೂ ಜಾನ್ ಕ್ಲಾರ್ಕನ ನ್ಯೂಪೋರ್ಟ್ ಸಭೆಯೂ ಆದ್ಯವಾದುವು. ಸಭೆಗಳು ತಮ್ಮ ಸ್ವಾತಂತ್ರ್ಯವನ್ನು ಬಿಟ್ಟುಕೊಡದೆ ಪರಸ್ಪರ ಸಲಹೆಗಾಗಿ ವರ್ಷಕ್ಕೊಮ್ಮೆ ಕೂಡುವ ಸಂಘಗಳ ಪದ್ಧತಿ ಅಲ್ಲಿ 1707ರ ಫಿಲಡೆಲ್ಫಿಯ ಸಂಘದಿಂದ ಮೊದಲಾಯಿತು. ಇವೆಲ್ಲವೂ ಬಹುಮಟ್ಟಿಗೆ ಉತ್ತರದ ವಿಷಯ. ದಕ್ಷಿಣದ ಗ್ರಾಮೀಣ ಸಭೆಗಳ ನಿಜವಾದ ಕಥೆ ಆರಂಭವಾಗುವುದು ಉತ್ತರ ಕ್ಯಾರೊಲಿನದ ಸ್ಯಾಂಡಿ ಕ್ರೀಕ್ ಎಂಬ ಹೊಳೆಯ ದಡದಲ್ಲಿ.

ನ್ಯೂ ಇಂಗ್ಲೆಂಡಿನಲ್ಲಿ ಮಹಾಜಾಗೃತಿಯೆಂದು ಹೆಸರಾದ ಧರ್ಮೋತ್ಸಾಹದ ಅಲೆಯಲ್ಲಿ ಮನಃಪರಿವರ್ತನೆ ಹೊಂದಿದ ಶೂಬಲ್ ಸ್ಟರ್ನ್ಸ್, ತನ್ನ ಸೋದರಿಯ ಪತಿ ಡೇನಿಯಲ್ ಮಾರ್ಷಲ್ ಮತ್ತು ಕೆಲವು ಕುಟುಂಬಗಳೊಡನೆ 1755ರಲ್ಲಿ ಅಲ್ಲಿಗೆ ಬಂದು ಹದಿನಾರು ಮಂದಿಯ ಸಭೆಯನ್ನು ಸ್ಥಾಪಿಸಿದನು. ಆ ಹದಿನಾರು ಅಲ್ಪಕಾಲದಲ್ಲಿಯೇ 606 ಆಯಿತೆಂದೂ, ಹದಿನೇಳು ವರ್ಷಗಳಲ್ಲಿ ಆ ಒಂದು ಸಭೆಯಿಂದ 42 ಸಭೆಗಳೂ 125 ಮಂದಿ ಬೋಧಕರೂ ಹೊರಟರೆಂದೂ ಆ ಕಾಲದ ಚರಿತ್ರಕಾರ ಮಾರ್ಗನ್ ಎಡ್ವರ್ಡ್ಸ್ ಬರೆದಿಟ್ಟಿದ್ದಾನೆ. ಮಾರ್ಷಲನು ಮುಂದೆ ಜಾರ್ಜಿಯಕ್ಕೆ ಹೋಗಿ 1772ರಲ್ಲಿ ಕಯೋಕಿ ಸಭೆಯನ್ನು ಸ್ಥಾಪಿಸಿದನು. ವರ್ಜೀನಿಯದಲ್ಲಿ ಈ ಬೋಧಕರಿಗೆ ಒದಗಿದುದು ಸೆರೆಮನೆ: 1768ರಲ್ಲಿ ಸ್ಪಾಟ್ಸಿಲ್ವೇನಿಯ ಕೌಂಟಿಯಲ್ಲಿ ಜಾನ್ ವಾಲರ್, ಲೂಯಿಸ್ ಕ್ರೇಗ್ ಮೊದಲಾದವರನ್ನು ಶಾಂತಿಭಂಗದ ಆರೋಪದ ಮೇಲೆ ಬಂಧಿಸಲಾಯಿತು. ಅದೇ ಕ್ರೇಗನು 1781ರಲ್ಲಿ ತನ್ನ ಸಭೆಯ ಬಹುಭಾಗವನ್ನು ಹೆಂಗಸರು ಮಕ್ಕಳು ದನಕರುಗಳ ಸಮೇತ ಪರ್ವತಗಳನ್ನು ದಾಟಿಸಿ ಕೆಂಟಕಿಗೆ ಕರೆದೊಯ್ದನು. ಸಭೆಯೇ ಪ್ರಯಾಣ ಹೊರಟಿತೆಂದು ಜನರು ಅದನ್ನು ನೆನೆಯುತ್ತ ಬಂದರು. ಈ ಚಲನಶೀಲತೆಯೇ ಸಂಶೋಧಕನ ಮೊದಲ ಕಷ್ಟ. ಒಬ್ಬ ಪಾಲಕನ ಜೀವನ ಮೂರು ನಾಲ್ಕು ರಾಜ್ಯಗಳಲ್ಲಿ ಹರಡಿಕೊಂಡಿರುವುದು ಸಾಮಾನ್ಯ; ಹುಟ್ಟು ವರ್ಜೀನಿಯದಲ್ಲಿ, ಪಟ್ಟ ಕ್ಯಾರೊಲಿನದಲ್ಲಿ, ಸಮಾಧಿ ಮಿಸ್ಸೂರಿಯಲ್ಲಿ.

ಮೊದಲಿಗೆ ಈ ಚರಿತ್ರೆಯನ್ನು ಸಂಗ್ರಹಿಸಿದವರೂ ಸಭಾಪಾಲಕರೇ. ವೇಲ್ಸ್ ದೇಶದಲ್ಲಿ ಹುಟ್ಟಿ ಫಿಲಡೆಲ್ಫಿಯದ ಪಾಲಕನಾದ ಮಾರ್ಗನ್ ಎಡ್ವರ್ಡ್ಸ್ 1771 ಮತ್ತು 1772ರಲ್ಲಿ ದಕ್ಷಿಣ ಪ್ರಾಂತಗಳಲ್ಲಿ ಸಂಚರಿಸಿ, ಸಭೆಯಿಂದ ಸಭೆಗೆ ಹೋಗಿ, ಮಂದಿರದ ಅಳತೆ, ಕುಟುಂಬಗಳ ಸಂಖ್ಯೆ, ಪಾಲಕನ ಹುಟ್ಟೂರು, ಪತ್ನಿಯ ಹೆಸರು, ಮಕ್ಕಳ ಹೆಸರು ಇಷ್ಟನ್ನೂ ಕೇಳಿ ಬರೆದುಕೊಂಡನು. ಅವನ ಸಂಗ್ರಹದಲ್ಲಿ ಪೆನ್ಸಿಲ್ವೇನಿಯ, ನ್ಯೂಜರ್ಸಿಗಳ ಭಾಗಗಳು ಮಾತ್ರ ಅವನ ಜೀವಿತಕಾಲದಲ್ಲಿ ಅಚ್ಚಾದುವು. ಉಳಿದುವು ಬಹುಕಾಲ ಹಸ್ತಪ್ರತಿಯಾಗಿಯೇ ಇದ್ದುವು. ನ್ಯೂ ಇಂಗ್ಲೆಂಡಿಗೆ ಐಸಾಕ್ ಬ್ಯಾಕಸನೂ, ವರ್ಜೀನಿಯಕ್ಕೆ 1810ರಲ್ಲಿ ಗ್ರಂಥ ಪ್ರಕಟಿಸಿದ ಬ್ರೂಯಿಂಗ್‌ಟನ್ ಸಭೆಯ ಪಾಲಕ ರಾಬರ್ಟ್ ಸೆಂಪಲನೂ, ಇಡೀ ದೇಶಕ್ಕೆ 1813ರಲ್ಲಿ ಡೇವಿಡ್ ಬೆನೆಡಿಕ್ಟನೂ ಚರಿತ್ರಕಾರರಾದರು. ಇವರೆಲ್ಲರಿಗಿಂತಲೂ ಗ್ರಾಮೀಣ ಜೀವನಕ್ಕೆ ಸಮೀಪವಾಗಿ ಬರೆದವನು ಕೆಂಟಕಿಯ ಜಾನ್ ಟೇಲರ್. ತಾನು ಸದಸ್ಯನಾಗಿದ್ದ ಹತ್ತು ಸಭೆಗಳ ವೃತ್ತಾಂತವನ್ನು ಅವನು 1823ರಲ್ಲಿ ಅಚ್ಚು ಹಾಕಿಸಿದನು. ಕಾಡು ಕಡಿದು ಬೇಸಾಯ ಮಾಡಿದ, ಗುಲಾಮರ ಒಡೆಯನೂ ಆಗಿದ್ದ ಈ ಬೋಧಕನ ಪುಸ್ತಕದಲ್ಲಿ ಜಗಳಗಳು, ಮನಸ್ತಾಪಗಳು, ಸಹಬೋಧಕರ ಗುಣದೋಷಗಳು ಯಾವ ಅಲಂಕಾರವೂ ಇಲ್ಲದೆ ಬರುತ್ತವೆ. ಗಡಿನಾಡಿನ ಧರ್ಮಜೀವನವನ್ನು ತಿಳಿಯಬಯಸುವವರು ಮೊದಲು ಓದತಕ್ಕ ಮುದ್ರಿತ ಗ್ರಂಥವಿದೆಂದರೆ ತಪ್ಪಾಗಲಾರದು. 1885ರಲ್ಲಿ ಕೆಂಟಕಿಯ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಹೊರತಂದ ಜೆ. ಎಚ್. ಸ್ಪೆನ್ಸರನ ಶ್ರಮವೂ ದೊಡ್ಡದು. ಆದರೆ ಇವರೆಲ್ಲರೂ ತಮ್ಮ ಪಂಥದ ಅಭಿಮಾನಿಗಳು, ಮತ್ತು ಮುದುಕರ ಬಾಯಿಂದ ಕೇಳಿದುದನ್ನು ಹೇರಳವಾಗಿ ಬಳಸಿಕೊಂಡವರು. ಅವರ ಮಾತನ್ನು ಆರಂಭಬಿಂದುವಾಗಿ ಇಟ್ಟುಕೊಳ್ಳಬಹುದೇ ಹೊರತು ಅಂತಿಮ ಪ್ರಮಾಣವೆಂದು ಸ್ವೀಕರಿಸಲಾಗದು.

ಅಂತಿಮ ಪ್ರಮಾಣಕ್ಕೆ ಅತಿ ಸಮೀಪವಾದುದು ಸಭೆಯ ನಡವಳಿ ಪುಸ್ತಕ. ಗ್ರಾಮೀಣ ಸಭೆಗಳಲ್ಲಿ ತಿಂಗಳಿಗೊಂದು ಶನಿವಾರ ವ್ಯವಹಾರದ ಕೂಟ, ಮರುದಿನ ಆರಾಧನೆ ಎಂಬ ಪದ್ಧತಿಯಿತ್ತು. ಆ ಶನಿವಾರದ ಕೂಟದ ನಿರ್ಣಯಗಳನ್ನು ಸಭೆಯ ಲೇಖಕನು, ಬಹುಶಃ ಆ ಊರಿನಲ್ಲಿ ಅಕ್ಷರ ಬಲ್ಲ ಒಬ್ಬ ರೈತನು, ತನ್ನ ಮನೆಯಲ್ಲಿ ಇಟ್ಟುಕೊಂಡ ಪುಸ್ತಕದಲ್ಲಿ ಬರೆಯುತ್ತಿದ್ದನು. ಪುಸ್ತಕದ ಮೊದಲ ಪುಟಗಳಲ್ಲಿ ಸಭೆ ಕೂಡಿದ ದಿನ, ಅದನ್ನು ವಿಧ್ಯುಕ್ತವಾಗಿ ಸ್ಥಾಪಿಸಿದ ಬೋಧಕರ ಹೆಸರುಗಳು, ಪರಸ್ಪರ ಒಡಂಬಡಿಕೆ, ನಂಬಿಕೆಯ ಸೂತ್ರಗಳು, ಕೂಟದಲ್ಲಿ ಮಾತನಾಡುವ ಮರ್ಯಾದೆಯ ನಿಯಮಗಳು. ಕೊನೆಯಲ್ಲಿ ಗಂಡಸರ, ಹೆಂಗಸರ, ಗುಲಾಮರ ಪ್ರತ್ಯೇಕ ಪಟ್ಟಿಗಳು. ನಡುವೆ ತಿಂಗಳು ತಿಂಗಳಿನ ನಡವಳಿ. ಹೊಸ ಸದಸ್ಯನು ತನ್ನ ಆತ್ಮಾನುಭವವನ್ನು ಸಭೆಯ ಮುಂದೆ ಹೇಳಿ ದೀಕ್ಷಾಸ್ನಾನದಿಂದ ಸೇರಬಹುದು, ಇಲ್ಲವೇ ಹಿಂದಿನ ಸಭೆಯಿಂದ ಪತ್ರ ತಂದು ಸೇರಬಹುದು. ಊರು ಬಿಡುವವನಿಗೆ ಪತ್ರ ಕೊಟ್ಟು ಕಳುಹಿಸುವರು. ತಪ್ಪಿ ನಡೆದವನನ್ನು ಬಹಿಷ್ಕರಿಸುವರು. ಪಶ್ಚಾತ್ತಾಪಪಟ್ಟವನನ್ನು ಮರಳಿ ಸೇರಿಸಿಕೊಳ್ಳುವರು. ಕುಡಿತ, ಜಗಳ, ಸಾಲ ತೀರಿಸದಿರುವುದು, ನೃತ್ಯ, ಕುದುರೆಪಂದ್ಯ ಇವು ಪದೇ ಪದೇ ಬರುವ ಆರೋಪಗಳು. ಈ ಪತ್ರಗಳ ಜಾಡು ಹಿಡಿದೇ ಒಂದು ಕುಟುಂಬವು ಯಾವ ಹೊಳೆಯ ದಡದಿಂದ ಯಾವ ಹೊಳೆಯ ದಡಕ್ಕೆ ಹೋಯಿತೆಂಬುದನ್ನು ನಿರ್ಣಯಿಸಲು ಸಾಧ್ಯವಾಗುತ್ತದೆ. ಇಂಡಿಯಾನದ ಪಿಜನ್ ಕ್ರೀಕ್ ಸಭೆಯ ಪುಸ್ತಕದಿಂದಲೇ, ಮುಂದೆ ರಾಷ್ಟ್ರಾಧ್ಯಕ್ಷನಾದ ಅಬ್ರಹಾಂ ಲಿಂಕನ್ನನ ತಂದೆ ಥಾಮಸ್ ಲಿಂಕನ್ 1823ರ ಜೂನ್ ತಿಂಗಳಲ್ಲಿ ಪತ್ರದ ಮೂಲಕ ಆ ಸಭೆಗೆ ಸೇರಿದನೆಂಬುದು ನಮಗೆ ತಿಳಿಯುವುದು. ಆ ಪಟ್ಟಿಯಲ್ಲಿ ಮಗನ ಹೆಸರಿಲ್ಲವೆಂಬುದೂ ಒಂದು ಚಾರಿತ್ರಿಕ ಸಂಗತಿಯೇ.

ನಡವಳಿ ಪುಸ್ತಕದ ಮಹತ್ತ್ವವನ್ನು ಒಂದೇ ಉದಾಹರಣೆಯಿಂದ ಹೇಳಬೇಕಾದರೆ ಕೆಂಟಕಿಯ ಫೋರ್ಕ್ಸ್ ಆಫ್ ಎಲ್ಕ್‌ಹಾರ್ನ್ ಸಭೆಯ ದಾಖಲೆಗಳನ್ನು ತೆರೆಯಬೇಕು. 1788ರಲ್ಲಿ ಕೂಡಿದ ಈ ಸಭೆಯ ಪಾಲಕ ವಿಲಿಯಂ ಹಿಕ್‌ಮನ್. 1807ರ ಆರಂಭದಲ್ಲಿ ಅಲ್ಲಿ ವಿನ್ನಿಯೆಂಬ ಗುಲಾಮ ಸ್ತ್ರೀಯ ಮೇಲೆ ದೂರು ಬಂದಿತು. ಯಜಮಾನ ಯಜಮಾನಿಯರ ಸೇವೆ ಮಾಡುವುದು ತನ್ನ ಧರ್ಮವೆಂದು ತಾನು ಒಂದು ಕಾಲದಲ್ಲಿ ಎಣಿಸಿದ್ದರೂ, ದೇವರು ತನ್ನ ಮನಸ್ಸನ್ನು ತಿರುಗಿಸಿದ ಮೇಲೆ ಕ್ರೈಸ್ತನಾದವನು ಗುಲಾಮರನ್ನು ಇಟ್ಟುಕೊಳ್ಳುವನೆಂದು ತಾನು ನಂಬಲಾರೆನೆಂದು ಆಕೆ ನುಡಿದಿದ್ದಳು; ಕರಿಯರನ್ನು ನಡೆಸಿಕೊಂಡ ರೀತಿಗಾಗಿ ಸಾವಿರಾರು ಬಿಳಿಯರು ನರಕದಲ್ಲಿ ಬಿದ್ದಿರುವರೆಂದೂ ನುಡಿದಿದ್ದಳು. ಸಭೆಯು ಆಕೆಯನ್ನು ಬಹಿಷ್ಕರಿಸಿತು. ಅದೇ ವರ್ಷ ಪಾಲಕನಾದ ಹಿಕ್‌ಮನ್ನನೂ, ಬ್ಯಾಪ್ಟಿಸ್ಟರು ಗುಲಾಮಗಿರಿಯನ್ನು ಸಹಿಸಿಕೊಂಡಿರುವುದು ತನಗೆ ದುಸ್ಸಹವಾಗಿದೆಯೆಂದು ಹೇಳಿ ಸಭೆಯಿಂದ ಹೊರನಡೆದನು, 1809ರಲ್ಲಿ ಮರಳಿದನು. ಕೆಂಟಕಿಯಲ್ಲಿ ಡೇವಿಡ್ ಬ್ಯಾರೊ, ಕಾರ್ಟರ್ ಟ್ಯಾರಂಟ್ ಮೊದಲಾದವರು ಗುಲಾಮಗಿರಿಯ ವಿರೋಧಿಗಳಾಗಿ ಪ್ರತ್ಯೇಕ ಸಂಘವನ್ನು ಕಟ್ಟಿದುದೂ ಅದೇ ಕಾಲದಲ್ಲಿ. ವಿನ್ನಿಯ ಮಾತು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗಲಿಲ್ಲ, ಯಾವ ನ್ಯಾಯಾಲಯದ ಮುಂದೆಯೂ ಬರಲಿಲ್ಲ. ಆಕೆಯನ್ನು ಶಿಕ್ಷಿಸಿದವರ ಪುಸ್ತಕವೇ ಆಕೆಯ ಮಾತನ್ನು ಉಳಿಸಿಕೊಟ್ಟಿತು. ವಿಲಿಯಂ ವಾರನ್ ಸ್ವೀಟ್ ಎಂಬ ವಿದ್ವಾಂಸನು ಗಡಿನಾಡಿನ ಬ್ಯಾಪ್ಟಿಸ್ಟರನ್ನು ಕುರಿತ ತನ್ನ 1931ರ ಆಕರಗ್ರಂಥದಲ್ಲಿ ಈ ಸಭೆಯ ನಡವಳಿಯನ್ನು ಮುದ್ರಿಸಿದ ಮೇಲೆ ಗ್ರಾಮೀಣ ಸಭೆಗಳ ಪುಸ್ತಕಗಳನ್ನು ಸಮಾಜಚರಿತ್ರೆಯ ಆಕರವೆಂದು ಗಣಿಸುವ ಪದ್ಧತಿ ಬೆಳೆಯಿತು. ಭಕ್ತಿಯ ಇತಿಹಾಸವೆಂದು ಮಾತ್ರ ಈ ಪುಸ್ತಕಗಳನ್ನು ಓದುವವರು ಅವುಗಳ ಅರ್ಧ ಸಂಪತ್ತನ್ನು ಕಳೆದುಕೊಳ್ಳುತ್ತಾರೆ.

ಕರಿಯರ ಸಭೆಗಳ ಆದಿಯೂ ಗ್ರಾಮೀಣವೇ. ದಕ್ಷಿಣ ಕ್ಯಾರೊಲಿನದಲ್ಲಿ ಸವಾನಾ ನದಿಯ ದಡದ ಜಾರ್ಜ್ ಗ್ಯಾಲ್ಫಿನನ ತೋಟದಲ್ಲಿ, ಅಮೆರಿಕದ ಸ್ವಾತಂತ್ರ್ಯಕ್ಕಾಗಿ ನಡೆದ ಕ್ರಾಂತಿಯುದ್ಧಕ್ಕೆ ತುಸು ಮುಂಚೆ, ಸಿಲ್ವರ್ ಬ್ಲಫ್ ಸಭೆ ಕೂಡಿತು. ಅದರ ಬೋಧಕ ಡೇವಿಡ್ ಜಾರ್ಜ್ ಮುಂದೆ ನೋವಾ ಸ್ಕೋಷಿಯಕ್ಕೂ, 1792ರಲ್ಲಿ ಸಿಯೆರಾ ಲಿಯೋನಿಗೂ ಹೋದನು. ಅವನಿಗೆ ಸುವಾರ್ತೆಯನ್ನು ಸಾರಿದ್ದ ಜಾರ್ಜ್ ಲೀಲ್ ಜಮೈಕದಲ್ಲಿ ಸಭೆಯನ್ನು ಕಟ್ಟಿದನು. ಇವರನ್ನು ಕುರಿತು ನಮಗೆ ತಿಳಿದಿರುವುದರ ಬಹುಭಾಗವು, ಲಂಡನ್ನಿನ ಪಾಲಕ ಜಾನ್ ರಿಪ್ಪನ್ 1790ರಿಂದ ಹೊರಡಿಸುತ್ತಿದ್ದ ವಾರ್ಷಿಕ ಸಂಚಿಕೆಗಳಲ್ಲಿ ಅಚ್ಚಾದ ಅವರದೇ ಪತ್ರಗಳಿಂದಲೂ ಆತ್ಮವೃತ್ತಾಂತಗಳಿಂದಲೂ ಬಂದುದು. ಅಮೆರಿಕದ ಒಂದು ತೋಟದ ಸಭೆಯ ಚರಿತ್ರೆಯನ್ನು ಲಂಡನ್ನಿನ ಪತ್ರಿಕೆಯಲ್ಲಿ ಅರಸಬೇಕಾಗುವ ಇಂಥ ಸಂದರ್ಭಗಳು ಈ ಕ್ಷೇತ್ರದಲ್ಲಿ ಅಪೂರ್ವವಲ್ಲ.

ಇನ್ನು ಪಾಲಕರು. ಗ್ರಾಮೀಣ ಬ್ಯಾಪ್ಟಿಸ್ಟ್ ಪಾಲಕನು ವಾರದ ಆರು ದಿನ ಬೇಸಾಯಗಾರ, ಕಮ್ಮಾರ ಅಥವಾ ಗಿರಣಿಯವನು. ಸಂಬಳವಿಲ್ಲದೆ, ಇದ್ದರೂ ಅಲ್ಪ ಕಾಣಿಕೆಯಿಂದ, ನಾಲ್ಕು ಸಭೆಗಳನ್ನು ತಿಂಗಳಿಗೊಂದು ಭಾನುವಾರದಂತೆ ಪೋಷಿಸುತ್ತಿದ್ದವನು. ಸದಸ್ಯನೊಬ್ಬನಲ್ಲಿ ಬೋಧನೆಯ ವರವುಂಟೆಂದು ತೋರಿದರೆ ಸಭೆ ಮೊದಲು ಅವನಿಗೆ ಮಾತನಾಡಲು ಅನುಮತಿ ಕೊಡುವುದು. ಕೆಲಕಾಲ ಪರೀಕ್ಷಿಸಿದ ಮೇಲೆ ನೆರೆಯ ಸಭೆಗಳ ಹಿರಿಯ ಬೋಧಕರನ್ನು ಕರೆಸುವುದು; ಅವರು ಅವನ ನಂಬಿಕೆಯನ್ನು ಪ್ರಶ್ನಿಸಿ ತಲೆಯ ಮೇಲೆ ಕೈಗಳನ್ನಿಟ್ಟು ಪಟ್ಟ ಕೊಡುವರು. ಈ ಎರಡು ದಿನಾಂಕಗಳೂ ನಡವಳಿಯಲ್ಲಿರುತ್ತವೆ. ಆದರೆ ಪಾಲಕನು ತಾನೇ ಬರೆದ ಉಪದೇಶಗಳು ದೊರೆಯುವುದು ಅತಿ ವಿರಳ. ಅವರು ಕಾಗದವಿಲ್ಲದೆ ಮಾತನಾಡುತ್ತಿದ್ದರು, ಬರೆದುಕೊಂಡು ಓದುವುದನ್ನು ಅನೇಕರು ದೋಷವೆಂದೇ ಎಣಿಸಿದ್ದರು. ಆದುದರಿಂದ ಅವರ ಜೀವನವನ್ನು ಲೌಕಿಕ ದಾಖಲೆಗಳಿಂದ ಕಟ್ಟಬೇಕಾಗುತ್ತದೆ, ಮತ್ತು ಆ ದಾಖಲೆಗಳು ನಿರೀಕ್ಷೆಗಿಂತ ಹೆಚ್ಚು ಉದಾರವಾಗಿವೆ. ಕ್ರಯಪತ್ರಗಳು ಅವರ ಜಮೀನನ್ನೂ, ಮಂದಿರಕ್ಕೆ ನೆಲ ಕೊಟ್ಟವರ ಹೆಸರನ್ನೂ ತಿಳಿಸುತ್ತವೆ. ಮದುವೆ ಮಾಡಿಸಿದ ಬೋಧಕನು ಕೌಂಟಿಯ ಗುಮಾಸ್ತನಿಗೆ ಕಳುಹಿಸುತ್ತಿದ್ದ ಪಟ್ಟಿಗಳು ಅವನು ಯಾವ ವರ್ಷ ಎಲ್ಲಿದ್ದನೆಂಬುದಕ್ಕೆ ಖಚಿತ ಸಾಕ್ಷಿ. ವರ್ಜೀನಿಯದಲ್ಲಿ 1780ರ ಕಾಯಿದೆಯಿಂದಲೇ ಭಿನ್ನಮತೀಯ ಬೋಧಕರ ಮದುವೆಗಳಿಗೆ ಮಾನ್ಯತೆ ದೊರೆತಿತು, ಅದೂ ಒಂದೊಂದು ಕೌಂಟಿಗೆ ಒಂದೊಂದು ಪಂಥದ ನಾಲ್ವರಿಗೆ ಮಾತ್ರ. ಕ್ರಾಂತಿಯುದ್ಧದ ಯೋಧರಿಗೆ 1832ರ ಶಾಸನದಂತೆ ಪಿಂಚಣಿ ಕೊಡುವಾಗ, ಅರ್ಜಿದಾರನು ನಂಬತಕ್ಕವನೆಂದು ಒಬ್ಬ ಧರ್ಮಬೋಧಕನು ಪ್ರಮಾಣೀಕರಿಸಬೇಕಾಗಿತ್ತು. ಆ ಅರ್ಜಿಗಳಲ್ಲಿ ಸಹಿ ಮಾಡಿರುವ ಹಳ್ಳಿಯ ಬೋಧಕರ ಸಂಖ್ಯೆ ಅಪಾರ. ಅನೇಕ ಬೋಧಕರು ತಾವೇ ಯೋಧರಾಗಿದ್ದು ಅರ್ಜಿ ಸಲ್ಲಿಸಿದುದೂ ಉಂಟು. 1850ರ ಖಾನೇಷುಮಾರಿಯು ಸ್ವತಂತ್ರ ಜನರೆಲ್ಲರ ಹೆಸರನ್ನೂ ಗಂಡಸರ ವೃತ್ತಿಯನ್ನೂ ಬರೆದ ಮೊದಲನೆಯದು. ಅದರಲ್ಲಿ ಬೋಧಕನು ಎಷ್ಟೋ ವೇಳೆ ಕೇವಲ ರೈತನೆಂದು ದಾಖಲಾಗಿರುವುದರಿಂದ ವೃತ್ತಿಯ ಕಲಮನ್ನು ಮಾತ್ರ ನೋಡಿ ನಿರ್ಣಯಿಸಬಾರದು. ಗುಲಾಮರ ಹೆಸರುಗಳನ್ನು ಆ ಖಾನೇಷುಮಾರಿ ಬರೆಯಲೇ ಇಲ್ಲ. ಸಭೆಯ ಪಟ್ಟಿಯಾದರೋ ಒಡೆಯನ ಹೆಸರಿನೊಡನೆ ಅವರ ಹೆಸರನ್ನೂ ಬರೆದಿಟ್ಟಿತು.

ನಡವಳಿ ಪುಸ್ತಕ ನಷ್ಟವಾದಲ್ಲಿ ಸಂಘದ ವಾರ್ಷಿಕ ವರದಿಯೇ ಶರಣ್ಯ. ಪ್ರತಿಯೊಂದು ಸಂಘವೂ ತನ್ನ ಕೂಟದ ನಡವಳಿಯನ್ನು ಕಿರುಪುಸ್ತಕವಾಗಿ ಅಚ್ಚು ಹಾಕಿಸಿ ಸಭೆಗಳಿಗೆ ಹಂಚುತ್ತಿದ್ದಿತು. ಅದರಲ್ಲಿ ಸಭೆಗಳ ಹೆಸರು, ಬಂದ ಪ್ರತಿನಿಧಿಗಳು, ಆ ವರ್ಷ ದೀಕ್ಷಾಸ್ನಾನ ಪಡೆದವರು, ಪತ್ರದಿಂದ ಬಂದವರು ಮತ್ತು ಹೋದವರು, ಬಹಿಷ್ಕೃತರು, ಮೃತರು, ಒಟ್ಟು ಸಂಖ್ಯೆ ಇಷ್ಟೂ ಕೋಷ್ಟಕದಲ್ಲಿರುತ್ತವೆ. 1785ರಲ್ಲಿ ಸ್ಥಾಪಿತವಾದ ಎಲ್ಕ್‌ಹಾರ್ನ್ ಸಂಘದಲ್ಲಿ 1801ರ ಜಾಗೃತಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿ ದೀಕ್ಷಾಸ್ನಾನ ಹೊಂದಿದರೆಂದು ತಿಳಿಯುವುದು ಇಂಥ ಕೋಷ್ಟಕದಿಂದ. ಸಭೆಗಳು ಕಳುಹಿಸಿದ ಪ್ರಶ್ನೆಗಳೂ ಸಂಘದ ಉತ್ತರಗಳೂ ಅಲ್ಲಿಯೇ ಇರುತ್ತವೆ; ಒಂದು ಕಾಲದ ಜನರ ಮನಸ್ಸನ್ನು ಕಾಡಿದ ಸಂಶಯಗಳನ್ನು ಇದಕ್ಕಿಂತ ನೇರವಾಗಿ ತಿಳಿಸುವ ಆಕರ ಬೇರೆಯಿಲ್ಲ.

ಸಂಘಗಳನ್ನು ಒಡೆದ ಮಹಾವಿವಾದವೊಂದಕ್ಕೆ ಭಾರತದೊಡನೆಯೂ ಸಂಬಂಧವುಂಟು. ಇಂಗ್ಲೆಂಡಿನ ಮೌಲ್ಟನ್ ಎಂಬ ಹಳ್ಳಿಯಲ್ಲಿ ಪಾದರಕ್ಷೆ ಹೊಲಿಯುತ್ತ ಪಾಲಕನಾಗಿದ್ದ ವಿಲಿಯಂ ಕೇರಿಯ ಪ್ರೇರಣೆಯಿಂದ 1792ರಲ್ಲಿ ಕೆಟರಿಂಗ್ ಊರಿನಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸಂಘ ಹುಟ್ಟಿತು; ಮುಂದೆ ಶ್ರೀರಾಮಪುರದಲ್ಲಿ ನೆಲೆಸಿ 1817ರಲ್ಲಿ ಕನ್ನಡ ಭಾಷೆಯ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದವನೂ ಈ ಕೇರಿಯೇ. ಅನ್ಯಪಂಥದ ಮಿಷನರಿಗಳಾಗಿ 1812ರಲ್ಲಿ ಕಲ್ಕತ್ತೆಗೆ ಬಂದಿಳಿದ ಅಮೆರಿಕದ ಅಡೋನಿರಮ್ ಜಡ್ಸನ್ ಮತ್ತು ಲೂಥರ್ ರೈಸ್ ಅಲ್ಲಿ ಬ್ಯಾಪ್ಟಿಸ್ಟರಾದರು. ರೈಸನು ಸ್ವದೇಶಕ್ಕೆ ಮರಳಿ ಹಣ ಸಂಗ್ರಹಿಸುತ್ತ ಸಂಚರಿಸಿದುದರ ಫಲವಾಗಿ 1814ರಲ್ಲಿ ರಾಷ್ಟ್ರೀಯ ಸಮಾವೇಶವೊಂದು ಏರ್ಪಟ್ಟಿತು. ಹಳ್ಳಿಯ ಸಭೆಗಳಲ್ಲಿ ಹಲವು ಇದನ್ನು ಮನುಷ್ಯನಿರ್ಮಿತ ಅಧಿಕಾರವೆಂದು ಕಂಡು ವಿರೋಧಿಸಿದುವು. ಉತ್ತರ ಕ್ಯಾರೊಲಿನದ ಕೆಹೂಕಿ ಸಂಘ 1827ರಲ್ಲಿಯೂ, ಮೇರಿಲೆಂಡಿನ ಬ್ಲ್ಯಾಕ್ ರಾಕ್ ಎಂಬಲ್ಲಿ ಕೂಡಿದವರು 1832ರಲ್ಲಿಯೂ ಮಿಷನರಿ ಸಂಸ್ಥೆಗಳೊಡನೆ ಸಂಬಂಧವನ್ನು ಕಡಿದುಕೊಂಡರು. ಹೀಗೆ ಒಡೆದ ಸಭೆಗಳಲ್ಲಿ ಎರಡು ಪಕ್ಷಗಳೂ ಒಂದೇ ಹೆಸರನ್ನೂ ಒಂದೇ ಸ್ಥಾಪನಾವರ್ಷವನ್ನೂ ಇಟ್ಟುಕೊಳ್ಳುತ್ತಿದ್ದುದರಿಂದ, ಹಳೆಯ ಪುಸ್ತಕ ಯಾವ ಪಕ್ಷದ ಕೈಯಲ್ಲಿ ಉಳಿಯಿತೆಂಬುದನ್ನು ಮೊದಲು ನಿಶ್ಚಯಿಸದೆ ಮುಂದುವರಿಯಲಾಗದು. ಇದರೊಂದಿಗೆ ಅಲೆಗ್ಸಾಂಡರ್ ಕ್ಯಾಂಬೆಲ್ಲನ ಸುಧಾರಣಾಪಂಥವೂ, 1845ರಲ್ಲಿ ಗುಲಾಮಗಿರಿಯ ಪ್ರಶ್ನೆಯಿಂದ ಹುಟ್ಟಿದ ದಕ್ಷಿಣದವರ ಪ್ರತ್ಯೇಕ ಸಮಾವೇಶವೂ ದಾಖಲೆಗಳನ್ನು ಮತ್ತಷ್ಟು ಹಂಚಿಹಾಕಿದುವು.

ಸಂಶೋಧಕನನ್ನು ದಾರಿ ತಪ್ಪಿಸುವ ವಿಷಯಗಳಲ್ಲಿ ಹೆಸರು ಮತ್ತು ಗಡಿ ಮುಖ್ಯವಾದುವು. ಬೆಥೆಲ್, ಸೇಲಂ, ಹೆಬ್ರೋನ್ ಎಂಬ ಹೆಸರಿನ ಸಭೆಗಳು ಕೌಂಟಿಗೊಂದರಂತೆ ಇವೆ. ಸ್ಯಾಂಡಿ ಕ್ರೀಕ್ ಇಂದು ರಾಂಡಾಲ್ಫ್ ಕೌಂಟಿಯಲ್ಲಿದೆ. ಆ ಕೌಂಟಿ 1779ರಲ್ಲಿ ಗಿಲ್‌ಫರ್ಡಿನಿಂದ ಬೇರೆಯಾದುದು, ಗಿಲ್‌ಫರ್ಡ್ 1771ರಲ್ಲಿ ಆರೆಂಜ್ ಮತ್ತು ರೋವನ್ ಕೌಂಟಿಗಳಿಂದ ಕತ್ತರಿಸಿ ಮಾಡಿದುದು. ಸಭೆ ನಿಂತಲ್ಲಿಯೇ ನಿಂತಿದ್ದರೂ ಅದರ ದಾಖಲೆ ಮೂರು ನಾಲ್ಕು ನ್ಯಾಯಾಲಯಗಳಲ್ಲಿ ಹಂಚಿರುತ್ತದೆ. ಬ್ರಿಟಿಷ್ ಆಳ್ವಿಕೆಯಲ್ಲಿ 1752ರವರೆಗೆ ಹೊಸ ವರ್ಷ ಮಾರ್ಚ್ 25ರಂದು ಆರಂಭವಾಗುತ್ತಿದ್ದುದರಿಂದ ಆ ಹಿಂದಿನ ತಾರೀಖುಗಳಲ್ಲಿ ಒಂದು ವರ್ಷದ ವ್ಯತ್ಯಾಸ ಬರುವುದುಂಟು.

ಇವುಗಳಿಗಿಂತಲೂ ಗಂಭೀರವಾದುದು ಪೂರ್ವಗ್ರಹ. ಬ್ಯಾಪ್ಟಿಸ್ಟ್ ಸಭೆಗಳು ಅಪೊಸ್ತಲರ ಕಾಲದಿಂದ ಅವಿಚ್ಛಿನ್ನವಾಗಿ ಬಂದುವೆಂಬ ವಾದವು ಹತ್ತೊಂಬತ್ತನೆಯ ಶತಮಾನದ ದಕ್ಷಿಣದಲ್ಲಿ ಪ್ರಬಲವಾಗಿದ್ದಿತು. ಇಂಗ್ಲೆಂಡಿನ ಬ್ಯಾಪ್ಟಿಸ್ಟರು ಮುಳುಗಿಸುವ ಸ್ನಾನವನ್ನು 1641ರಲ್ಲಿ ಹೊಸದಾಗಿ ಆರಂಭಿಸಿದರೆಂದು ದಾಖಲೆಗಳ ಆಧಾರದಿಂದ ಪ್ರತಿಪಾದಿಸಿದ, ಲೂಯಿವಿಲ್ ಊರಿನ ದೈವಶಾಸ್ತ್ರ ವಿದ್ಯಾಲಯದ ಅಧ್ಯಕ್ಷ ವಿಲಿಯಂ ವಿಟ್ಸಿಟ್ 1899ರಲ್ಲಿ ಆ ಪದವಿಯನ್ನೇ ಬಿಟ್ಟುಕೊಡಬೇಕಾಯಿತು. ಚರಿತ್ರೆಯ ಸತ್ಯಕ್ಕಾಗಿ ಅವನು ತೆತ್ತ ಬೆಲೆ ಈ ಕ್ಷೇತ್ರದಲ್ಲಿ ದುಡಿಯುವವರೆಲ್ಲರ ಗೌರವಕ್ಕೆ ಪಾತ್ರವಾದುದು. ಶತಮಾನೋತ್ಸವಕ್ಕೆಂದು ಬರೆದ ಸ್ಥಳೀಯ ಚರಿತ್ರೆಗಳಲ್ಲಿ ಸ್ಥಾಪನೆಯ ವರ್ಷವನ್ನು ಹಿಂದಕ್ಕೆ ಸರಿಸುವ ಪ್ರವೃತ್ತಿ ಇಂದಿಗೂ ಇದೆ. ಒಂದು ಸಭೆ ಮತ್ತೊಂದರ ಶಾಖೆಯಾಗಿ ಕೂಡತೊಡಗಿದ ವರ್ಷವನ್ನೂ ಸ್ವತಂತ್ರ ಸಭೆಯಾಗಿ ವಿಧ್ಯುಕ್ತವಾಗಿ ಸ್ಥಾಪಿತವಾದ ವರ್ಷವನ್ನೂ ಬೇರೆ ಬೇರೆಯಾಗಿಯೇ ಹೇಳತಕ್ಕದ್ದು.

ಇಂದು ಈ ಸಾಮಗ್ರಿಯ ದೊಡ್ಡ ಭಂಡಾರಗಳು ಹಲವು ಇವೆ. ನ್ಯಾಶ್‌ವಿಲ್‌ನಲ್ಲಿ ದಕ್ಷಿಣದ ಬ್ಯಾಪ್ಟಿಸ್ಟರ ಗ್ರಂಥಾಲಯವೂ ದಫ್ತರಖಾನೆಯೂ, ಅಟ್ಲಾಂಟದಲ್ಲಿ 1853ರಲ್ಲಿ ಸ್ಥಾಪಿತವಾದ ಅಮೆರಿಕನ್ ಬ್ಯಾಪ್ಟಿಸ್ಟ್ ಚರಿತ್ರ ಸಂಘದ ಸಂಗ್ರಹವೂ, ರಿಚ್ಮಂಡಿನಲ್ಲಿ 1876ರಲ್ಲಿ ಹುಟ್ಟಿದ ವರ್ಜೀನಿಯ ಸಂಘದ ಸಂಗ್ರಹವೂ ಪ್ರಸಿದ್ಧವಾದುವು. ಉತ್ತರ ಕ್ಯಾರೊಲಿನಕ್ಕೆ ವೇಕ್ ಫಾರೆಸ್ಟ್, ದಕ್ಷಿಣ ಕ್ಯಾರೊಲಿನಕ್ಕೆ ಫರ್ಮನ್, ಅಲಬಾಮಕ್ಕೆ ಸ್ಯಾಮ್‌ಫರ್ಡ್ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಆಶ್ರಯ. 1935ರಿಂದ 1942ರವರೆಗೆ ನಿರುದ್ಯೋಗ ನಿವಾರಣೆಗಾಗಿ ಸರ್ಕಾರ ನಡೆಸಿದ ದಾಖಲೆ ಸಮೀಕ್ಷೆಯಲ್ಲಿ ಸಭೆಗಳ ಪುಸ್ತಕಗಳ ಪಟ್ಟಿಗಳೂ ಸಿದ್ಧವಾದುವು. ಆ ಬಳಿಕ ಕಳೆದುಹೋದ ಪುಸ್ತಕಗಳಿಗೆ ಕೆಲವೆಡೆ ಆ ಪಟ್ಟಿಗಳೇ ಉಳಿದ ಸಾಕ್ಷಿ. 1822ರಿಂದ ಬಂದ ಕ್ರಿಶ್ಚಿಯನ್ ಇಂಡೆಕ್ಸ್, 1828ರಲ್ಲಿ ರಿಚ್ಮಂಡಿನಲ್ಲಿ ಆರಂಭವಾದ ರಿಲಿಜಿಯಸ್ ಹೆರಾಲ್ಡ್ ಪತ್ರಿಕೆಗಳ ಮರಣವಾರ್ತೆಗಳನ್ನು ಶ್ರದ್ಧೆಯಿಂದ ಓದಿದವರಿಗೆ ಬೇರೆಲ್ಲಿಯೂ ದೊರೆಯದ ಪಾಲಕರ ಜೀವನರೇಖೆಗಳು ದೊರೆಯುತ್ತವೆ. ಆದರೂ ಹಳೆಯ ಲೇಖಕರ ವಂಶಸ್ಥರ ಪೆಟ್ಟಿಗೆಗಳಲ್ಲಿ ಇನ್ನೂ ನಡವಳಿ ಪುಸ್ತಕಗಳಿವೆ. ಅಂಥ ಪುಸ್ತಕ ಯಾರ ವಶದಲ್ಲಿದ್ದರೂ ಅವರು ಅದರ ಒಂದು ಪ್ರತಿಯನ್ನು ಮಾಡಿಸಿ ಮೇಲೆ ಹೇಳಿದ ಭಂಡಾರಗಳಲ್ಲಿ ಯಾವುದಾದರೊಂದಕ್ಕೆ ಈಗಲೇ ಒಪ್ಪಿಸಬೇಕು. ಬೆಂಕಿಗೂ ಗೆದ್ದಲಿಗೂ ಸಿಕ್ಕಿದ ಪುಟದಲ್ಲಿದ್ದ ಹೆಸರುಗಳನ್ನು ಯಾವ ವಿದ್ವಾಂಸನೂ ಮರಳಿ ತರಲಾರನು.